ಕಾಸು ಕಡಿಮೆ, ನಗು ಜಾಸ್ತಿ

ಮೊಬೈಲಿನಲ್ಲಿ ನಗಿಸುವವರಿಗೇನೂ ಬರವಿಲ್ಲ. ಅರ್ಧ ನಿಮಿಷಕ್ಕೊಂದು ರೀಲ್ಸ್, ರೀಲ್ಸಿಗೊಂದು ಚಟಾಕಿ. ನಕ್ಕು ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಮರೆತುಹೋಗಿರುತ್ತದೆ. ಈ ವಾರ ನಾನು ಹೇಳಹೊರಟಿರುವುದು ಮನಸ್ಸಿನಲ್ಲಿ ಉಳಿಯುವ ನಗುವಿನ ಬಗ್ಗೆ. ಟಿವಿ ಚಾನೆಲ್ಲು, ದೊಡ್ಡ ಸ್ಟುಡಿಯೊಗಳ ಹಂಗಿಲ್ಲದೆ, ಕೈಯಿಂದ ದುಡ್ಡು ಹಾಕಿ, ಗೆಳೆಯರನ್ನು ಕಟ್ಟಿಕೊಂಡು ಮಾಡಿದ ಹಾಸ್ಯ ವೆಬ್ ಸರಣಿಗಳಿವೆ. ಅವುಗಳಲ್ಲಿ ಅದೇ ಪಾತ್ರಗಳು ಕಂತಿನಿಂದ ಕಂತಿಗೆ ನಮ್ಮ ಬಳಿ ಬರುತ್ತವೆ. ಅವುಗಳ ಪರಿಚಯ ಹೆಚ್ಚಿದಂತೆ ನಗುವೂ ಹೆಚ್ಚುತ್ತದೆ. ಮೊದಲ ಕಂತಿನಲ್ಲಿ ಸುಮ್ಮನೆ ಕೇಳಿಸಿಕೊಂಡ ಮಾತು ಐದನೆಯ ಕಂತಿನಲ್ಲಿ ಮರಳಿ ಬಂದಾಗ ಹೊಟ್ಟೆ ಹುಣ್ಣಾಗಿಸುತ್ತದೆ.

ಇಂಥ ಸರಣಿಗಳನ್ನು ಬಹುಕಾಲದಿಂದ ಪ್ರೀತಿಯಿಂದ ನೋಡುತ್ತ ಬಂದ ನನಗೆ ಒಂದು ಸಂಗತಿ ಖಚಿತವಾಗಿದೆ. ಇವುಗಳಲ್ಲಿ ಒಳ್ಳೆಯವು ತಮ್ಮ ಬಡತನವನ್ನು ಮುಚ್ಚಿಡಲು ಹೋಗುವುದಿಲ್ಲ. ತಮ್ಮಲ್ಲಿ ಏನಿಲ್ಲವೋ ಅದನ್ನೇ ನಗುವಿನ ಮೂಲ ಮಾಡಿಕೊಳ್ಳುತ್ತವೆ. ಕ್ಯಾಮೆರಾ ಇಲ್ಲದವರು, ನಟರಿಲ್ಲದವರು, ಅವಕಾಶ ಸಿಗದವರು ಹೇಗೆ ನಗಿಸಿದರು ಎಂಬುದೇ ಈ ಪ್ರಕಾರದ ಚರಿತ್ರೆ.

ಕ್ಯಾಮೆರಾ ಇಲ್ಲದವರಿಂದಲೇ ಶುರು ಮಾಡೋಣ. 'ರೆಡ್ ವರ್ಸಸ್ ಬ್ಲೂ' ಮೊದಲ ಕಂತು ಬಂದದ್ದು 2003ರ ಏಪ್ರಿಲ್ 1ರಂದು. ಆಗ ಯೂಟ್ಯೂಬ್ ಹುಟ್ಟಲು ಇನ್ನೂ ಎರಡು ವರ್ಷವಿತ್ತು. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬರ್ನಿ ಬರ್ನ್ಸ್ ಮತ್ತು ಗೆಳೆಯರು 'ಹೇಲೊ' ಎಂಬ ವಿಡಿಯೊ ಗೇಮಿನ ಸೈನಿಕರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡರು. ಒಬ್ಬೊಬ್ಬರು ಒಬ್ಬೊಬ್ಬ ಸೈನಿಕನನ್ನು ಆಡಿಸಿದರು. ಒಬ್ಬನ ಕಣ್ಣಿಗೆ ಕಾಣುವ ದೃಶ್ಯವೇ ಕ್ಯಾಮೆರಾ ಆಯಿತು. ತೆರೆಯ ಮೇಲಿನ ಗೇಮಿನ ಗುರುತುಗಳನ್ನು ಮರೆಮಾಡಲು ಮೇಲೆ ಕೆಳಗೆ ಕಪ್ಪು ಪಟ್ಟಿ ಬಳಿದರು. ಎಲ್ಲರ ತಲೆಗೂ ಹೆಲ್ಮೆಟ್ ಇದ್ದುದರಿಂದ ತುಟಿ ಕಾಣುತ್ತಿರಲಿಲ್ಲ. ಹಾಗಾಗಿ ಮಾತಾಡುವವನು ತಲೆ ಅಲ್ಲಾಡಿಸಬೇಕು, ಉಳಿದವರು ಅಲ್ಲಾಡದೆ ನಿಲ್ಲಬೇಕು ಎಂದು ನಿಯಮ ಮಾಡಿಕೊಂಡರು.

ಮುಖಭಾವವಿಲ್ಲ, ಕುಣಿತವಿಲ್ಲ ಎಂದಮೇಲೆ ಉಳಿಯುವುದು ಮಾತೊಂದೇ. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಅರ್ಥಗಾರಿಕೆಯಿಂದಲೇ ಪ್ರಸಂಗ ನಿಲ್ಲುವ ಹಾಗೆ ಇಲ್ಲಿ ಹಾಸ್ಯವೆಲ್ಲ ಮಾತಿನ ಮೇಲೆ ನಿಂತಿದೆ. ಬರಡು ಕಣಿವೆಯೊಂದರ ಒಂದು ತುದಿಯಲ್ಲಿ ಕೆಂಪು ಪಡೆ, ಇನ್ನೊಂದು ತುದಿಯಲ್ಲಿ ನೀಲಿ ಪಡೆ. ಮೊದಲ ಕಂತಿನಲ್ಲಿ ಒಬ್ಬ ಸೈನಿಕ ನಾವು ಇಲ್ಲಿ ಯಾಕಿದ್ದೇವೆ ಎಂದು ಕೇಳುತ್ತಾನೆ. ಇನ್ನೊಬ್ಬ ಸೃಷ್ಟಿ, ದೇವರು ಎಂದೆಲ್ಲ ಗಂಭೀರವಾಗಿ ಶುರು ಮಾಡುತ್ತಾನೆ. ಮೊದಲನೆಯವನು ಕೇಳಿದ್ದು ಮಾತ್ರ ಈ ಕಣಿವೆಯಲ್ಲಿ ಯಾಕಿದ್ದೇವೆ ಎಂದು. ಅವರಿದ್ದಾರೆಂದು ಇವರು, ಇವರಿದ್ದಾರೆಂದು ಅವರು. ಬೇರೆ ಕಾರಣವೇ ಇಲ್ಲ. ಯುದ್ಧದ ನಿರರ್ಥಕತೆಯನ್ನು ಇಷ್ಟು ಲಘುವಾಗಿ, ಇಷ್ಟು ಸ್ಪಷ್ಟವಾಗಿ ಹೇಳಿದ ಹಾಸ್ಯ ಅಪರೂಪ. ಆರೆಂಟು ಕಂತಿಗೆ ಮುಗಿಸಬೇಕೆಂದಿದ್ದ ಈ ಸರಣಿ ಎರಡು ದಶಕ ನಡೆಯಿತು. ಇದನ್ನು ಮಾಡಿದ ರೂಸ್ಟರ್ ಟೀತ್ ಕಂಪನಿ 2024ರಲ್ಲಿ ಬಾಗಿಲು ಹಾಕಿತು. ಸರಣಿಯ ನಂತರದ ಸೀಸನ್‌ಗಳಲ್ಲಿ ಹೊಡೆದಾಟ ಹೆಚ್ಚಿ ಹರಟೆ ಕಡಿಮೆಯಾಗಿದೆ. ನಗಬೇಕೆನ್ನುವವರು ಮೊದಲ ಐದು ಸೀಸನ್‌ಗಳ ನೂರು ಕಂತುಗಳನ್ನು ಹಿಡಿಯಿರಿ. ಬೈಗುಳ ಧಾರಾಳವಾಗಿದೆ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.

'ದಿ ಗಿಲ್ಡ್' ಗೇಮಿಂಗ್ ಲೋಕದ್ದೇ ಇನ್ನೊಂದು ಸರಣಿ, ಆದರೆ ಇಲ್ಲಿ ಗೇಮೇ ಇಲ್ಲ! ನಟಿ ಫೆಲಿಸಿಯಾ ಡೇ ಆನ್‌ಲೈನ್ ಗೇಮಿನ ಗೀಳಿಗೆ ಬಿದ್ದು ಎದ್ದವರು. ಆ ಅನುಭವವನ್ನು ಟಿವಿಗೆಂದು ಬರೆದರು. ಅದು ವೆಬ್ ಸರಣಿಯಾಗಿ 2007ರ ಜುಲೈನಲ್ಲಿ ಹೊರಬಂತು. ಮೊದಲ ಮೂರು ಕಂತು ಕೈದುಡ್ಡಿನಲ್ಲಿ ಆಯಿತು. ಹಣ ಮುಗಿದಾಗ ನೋಡುಗರ ಮುಂದೆಯೇ ಕೈಚಾಚಿದರು. ಜನ ಆನ್‌ಲೈನಿನಲ್ಲಿ ಕಳಿಸಿದ ಸಣ್ಣ ಸಣ್ಣ ಮೊತ್ತದಲ್ಲಿ ಮೊದಲ ಸೀಸನ್ ಮುಗಿಯಿತು. ಮುಂದೆ ಮೈಕ್ರೋಸಾಫ್ಟ್ ಪ್ರಸಾರಕ್ಕೆ ಬಂದಾಗಲೂ ಕೃತಿಯ ಒಡೆತನವನ್ನು ಡೇ ಬಿಟ್ಟುಕೊಡಲಿಲ್ಲ.

ಆರು ಜನ ಒಂದೇ ತಂಡವಾಗಿ ಹಗಲುರಾತ್ರಿ ಆಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಗೇಮನ್ನು ತೆರೆಯ ಮೇಲೆ ತೋರಿಸುವ ಶಕ್ತಿ ತಂಡಕ್ಕಿರಲಿಲ್ಲ. ಹಾಗಾಗಿ ನಮಗೆ ಕಾಣುವುದು ಕಂಪ್ಯೂಟರಿನ ಮುಂದೆ ಕೂತವರ ಮುಖಗಳು ಮಾತ್ರ. ಆ ಮುಖಗಳಲ್ಲೇ ಸಮರ, ಸಂಚು, ಮುನಿಸು ಎಲ್ಲ ನಡೆಯುತ್ತದೆ. ಮಕ್ಕಳು ಅಳುತ್ತಿದ್ದರೂ ಆಟ ಬಿಡದ ತಾಯಿ ಕ್ಲಾರಾ, ಪೈಸೆ ಪೈಸೆಗೂ ಲೆಕ್ಕ ಹಾಕುವ ಜಿಪುಣ ವೋರ್ಕ್, ಪ್ರೀತಿ ಹುಟ್ಟಿದೆಯೆಂದು ಹೇಳದೆ ಕೇಳದೆ ನಾಯಕಿಯ ಮನೆಬಾಗಿಲಿಗೆ ಬಂದು ನಿಲ್ಲುವ ಜಾಬೂ. ಗೇಮಿನ ಗಂಧಗಾಳಿ ಇಲ್ಲದವರೂ ಇದನ್ನು ಸವಿಯಬಹುದು, ಏಕೆಂದರೆ ಇದು ಒಂಟಿತನದ ಕಥೆ. ಮೊದಲ ಸೀಸನ್ನಿನ ಹತ್ತೂ ಕಂತು ಒಂದೇ ಸಲಕ್ಕೆ ಕೂತು ನೋಡಿ ಮುಗಿಸಬಹುದು. ಈ ಪಟ್ಟಿಯಲ್ಲಿ ಮೊದಲು ಯಾವುದು ನೋಡಲಿ ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ಇಸಾ ರೇ ಅವರಿಗೆ ಇಲ್ಲದೇ ಇದ್ದದ್ದು ಟಿವಿಯಲ್ಲಿ ತನ್ನಂಥ ಒಂದು ಪಾತ್ರ. ಅಮೆರಿಕದ ತೆರೆಯ ಮೇಲೆ ಕಪ್ಪು ಹೆಣ್ಣೆಂದರೆ ಗಟ್ಟಿಗಿತ್ತಿ, ಬಾಯಿಬಡುಕಿ ಎಂಬ ಅಚ್ಚುಗಳೇ ಹೆಚ್ಚು. ನಾಚುವ, ತಡವರಿಸುವ, ಎಲ್ಲಿ ಏನು ಮಾತಾಡಬೇಕೆಂದು ತಿಳಿಯದ ಕಪ್ಪು ಹುಡುಗಿ ಎಲ್ಲೂ ಕಾಣದಿದ್ದಾಗ ಆಕೆಯೇ ಬರೆದು ನಟಿಸಿ 2011ರ ಫೆಬ್ರವರಿಯಲ್ಲಿ 'ದಿ ಮಿಸ್‌ಅಡ್ವೆಂಚರ್ಸ್ ಆಫ್ ಆಕ್ವರ್ಡ್ ಬ್ಲ್ಯಾಕ್ ಗರ್ಲ್' ಶುರು ಮಾಡಿದರು. ಮೊದಲ ಕಂತನ್ನೇ ನೋಡಿ. ನಾಯಕಿ ಕಾರು ಓಡಿಸುತ್ತಿದ್ದಾಳೆ. ಸ್ಟಾಪ್ ಸೈನಿನ ಬಳಿ ಪರಿಚಯದವನೊಬ್ಬ ಪಕ್ಕದ ಕಾರಿನಲ್ಲಿ ಕಾಣುತ್ತಾನೆ. ನಗುತ್ತಾಳೆ, ಕೈಬೀಸುತ್ತಾಳೆ. ಮುಂದಿನ ಸ್ಟಾಪ್ ಸೈನಿನಲ್ಲಿ ಮತ್ತೆ ಅವನೇ. ಈಗೇನು ಮಾಡಬೇಕು? ಮತ್ತೆ ನಗಬೇಕೇ, ಕಾಣದಂತೆ ಇರಬೇಕೇ? ಇನ್ನೊಂದು ಕಂತಿನಲ್ಲಿ ಆಫೀಸಿನ ಹಜಾರದಲ್ಲಿ ಎದುರಾಗುವ ಸಹೋದ್ಯೋಗಿಗಳ ಸಂದರ್ಭ ಇದೇ ಬಗೆಯದು. ಮದುವೆಮನೆಯಲ್ಲಿ ಒಬ್ಬರಿಗೇ ಮೂರು ಸಲ ನಮಸ್ಕಾರ ಮಾಡಬೇಕಾಗಿ ಬಂದ ಯಾರಿಗಾದರೂ ಈ ಸಂಕಟ ಗೊತ್ತು.

ನಾಯಕಿ ಹೊರಗೆ ಹೇಳುವುದು ಒಂದು, ಒಳಗೆ ಹೇಳಿಕೊಳ್ಳುವುದು ಇನ್ನೊಂದು. ಎರಡೂ ನಮಗೆ ಒಟ್ಟಿಗೆ ಕೇಳಿಸುತ್ತವೆ. ಸಿಟ್ಟು ಬಂದಾಗ ಕೋಣೆ ಸೇರಿ ಉಗ್ರ ರ‍್ಯಾಪ್ ಹಾಡು ಬರೆಯುತ್ತಾಳೆ. ನಡುದಾರಿಯಲ್ಲಿ ಹಣ ಮುಗಿದಾಗ ಇಲ್ಲೂ ಕೈ ಹಿಡಿದವರು ನೋಡುಗರೇ. 30 ಸಾವಿರ ಡಾಲರ್ ಕೇಳಿದ್ದಕ್ಕೆ ಕಿಕ್‌ಸ್ಟಾರ್ಟರ್ ಎಂಬ ದೇಣಿಗೆ ಸಂಗ್ರಹ ತಾಣದ ಮೂಲಕ ಸುಮಾರು 56 ಸಾವಿರ ಡಾಲರ್ ಬಂತು. ಈ ಸರಣಿಯ ಬಲದಿಂದಲೇ ಇಸಾ ರೇ 2016ರಲ್ಲಿ ಎಚ್‌ಬಿಒ ವಾಹಿನಿಗೆ 'ಇನ್‌ಸೆಕ್ಯೂರ್' ಮಾಡಿದರು. ಅದು ಹೆಚ್ಚು ನಯವಾಗಿದೆ. ಆದರೆ ಮುಜುಗರದ ನಗು ಬೇಕೆಂದರೆ ಹಳೆಯ ಸರಣಿಯೇ ಮೇಲು.

ಅಟ್ಲಾಂಟಾದ ಚಾಪ್ಮನ್ ಸಹೋದರರ 'ಹೋಮ್‌ಸ್ಟಾರ್ ರನ್ನರ್' ಇವೆಲ್ಲಕ್ಕಿಂತ ಹಿರಿಯದು. 2000ದಲ್ಲಿ ಶುರುವಾದ ಅನಿಮೇಷನ್. ಹೆಚ್ಚುಕಡಿಮೆ ಎಲ್ಲ ಪಾತ್ರಗಳಿಗೂ ತಮ್ಮನಾದ ಮ್ಯಾಟ್‌ನದೇ ದನಿ. ಇದರ ಜೀವಾಳ ಸ್ಟ್ರಾಂಗ್ ಬ್ಯಾಡ್ ಎಂಬ ಖಳ. ಕೈಗೆ ಬಾಕ್ಸಿಂಗ್ ಗ್ಲೌಸ್ ತೊಟ್ಟುಕೊಂಡೇ ಕೀಬೋರ್ಡ್ ಕುಟ್ಟಿ, ನೋಡುಗರು ನಿಜವಾಗಿ ಬರೆದ ಇಮೇಲ್‌ಗಳಿಗೆ ಉತ್ತರ ಕೊಡುತ್ತಾನೆ. ಪತ್ರದ ಕಾಗುಣಿತದ ತಪ್ಪುಗಳನ್ನೂ ಬಿಡುವುದಿಲ್ಲ. ಜಾಹೀರಾತು ತೆಗೆದುಕೊಳ್ಳದೆ ಟೀಶರ್ಟ್ ಮಾರಿಯೇ ವರ್ಷಗಟ್ಟಲೆ ನಡೆಸಿದರು. ಇದರ ಹಾಸ್ಯ ಶುದ್ಧ, ಮಕ್ಕಳ ಜೊತೆ ನೋಡಬಹುದು.

ನ್ಯೂಯಾರ್ಕಿನ ಇಬ್ಬರು ಗೆಳತಿಯರ 'ಬ್ರಾಡ್ ಸಿಟಿ' 2009ರಿಂದ 2011ರವರೆಗೆ ಎರಡು ಮೂರು ನಿಮಿಷದ ತುಣುಕುಗಳಾಗಿ ಬಂತು. ಮುಂದೆ ಟಿವಿಯಲ್ಲಿ ಐದು ಸೀಸನ್ ಓಡಿತು. ಟಿವಿ ರೂಪ ನೋಡಿದವರು ಮೂಲ ತುಣುಕುಗಳನ್ನೂ ಹುಡುಕಿ ನೋಡಬೇಕು.

ಈಗ ನಮ್ಮ ದೇಶಕ್ಕೆ ಬರೋಣ. ಟಿವಿ ಚಾನೆಲ್‌ಗಳಲ್ಲಿ ಜಾಗ ಸಿಗದೆ ಯೂಟ್ಯೂಬಿಗೆ ಬಂದ ಟಿವಿಎಫ್ ತಂಡ 2014ರ ಅಕ್ಟೋಬರಿನಲ್ಲಿ 'ಪರ್ಮನೆಂಟ್ ರೂಮ್‌ಮೇಟ್ಸ್' ಬಿಡುಗಡೆ ಮಾಡಿತು. ಮೂರು ವರ್ಷ ದೂರದಿಂದಲೇ ಪ್ರೀತಿಸಿದ ಹುಡುಗ ಅಮೆರಿಕದಿಂದ ಏಕಾಏಕಿ ಬಂದಿಳಿದು ಮದುವೆಯಾಗೋಣ ಎನ್ನುತ್ತಾನೆ. ಹುಡುಗಿ ಗಲಿಬಿಲಿಗೊಳ್ಳುತ್ತಾಳೆ. ಮಿಕೇಶ್ ಆಗಿ ಸುಮೀತ್ ವ್ಯಾಸ್, ತಾನ್ಯಾ ಆಗಿ ನಿಧಿ ಸಿಂಗ್ ಮಾಡಿದ ಜೋಡಿ ಇಂದಿಗೂ ಹಳತೆನಿಸುವುದಿಲ್ಲ. ಹಣ ಕೊಟ್ಟ ಪ್ರಾಯೋಜಕರು ಬೆಂಗಳೂರಿನ ಕಾಮನ್‌ಫ್ಲೋರ್, ಮನೆ ಹುಡುಕಿಕೊಡುತ್ತಿದ್ದ ಕಂಪನಿ. ಜೋಡಿಯೊಂದು ಒಂದೇ ಮನೆಯಲ್ಲಿರಲು ಹೊರಡುವ ಕಥೆಗೆ ಆ ಜಾಹೀರಾತು ಸಹಜವಾಗಿ ಹೊಂದಿಕೊಂಡಿತು. ಇದರಲ್ಲಿ ಪುರುಷೋತ್ತಮ ಎಂಬ ಗೆಳೆಯನ ಪಾತ್ರ ಮಾಡಿದ ದೀಪಕ್ ಕುಮಾರ್ ಮಿಶ್ರಾ ಅವರೇ 2020ರಲ್ಲಿ ಮನೆಮಾತಾದ 'ಪಂಚಾಯತ್' ನಿರ್ದೇಶಿಸಿದರು. 'ಪಂಚಾಯತ್' ಮೆಚ್ಚಿದವರು ಅದರ ಬೇರು ಎಲ್ಲಿದೆ ಎಂದು ಇಲ್ಲಿ ಕಾಣಬಹುದು. ಮೊದಲ ಸೀಸನ್ನಿನಲ್ಲಿ ಐದೇ ಕಂತು.

ಮಲಯಾಳದ 'ಕರಿಕ್ಕು' ತಂಡದ 'ತೇರಾ ಪಾರಾ' 2018ರದ್ದು. ಒಂದೇ ಮನೆಯಲ್ಲಿರುವ ಹುಡುಗರ ಪೋಲಿತನ, ಪೇಚಾಟಗಳೇ ಇದರ ಕಥೆ. ಲೋಲನ್ ಮತ್ತು ಜಾರ್ಜ್ ಪಾತ್ರಗಳು ಕೇರಳದಲ್ಲಿ ಸಿನಿಮಾ ನಾಯಕರಷ್ಟೇ ಹೆಸರಾದವು. ಭಾಷೆ ಬಾರದವರು ಸಬ್‌ಟೈಟಲ್ ಹಾಕಿಕೊಂಡರೂ ನಷ್ಟ ಕಡಿಮೆ, ಅರ್ಧ ಹಾಸ್ಯ ಅವರ ಮೈಯಲ್ಲೇ ಇದೆ.

ನನಗೆ ಅತಿ ಪ್ರಿಯವಾದದ್ದು ತೆಲಂಗಾಣದ 'ಮೈ ವಿಲೇಜ್ ಶೋ'. ಜಗಿತ್ಯಾಲ ಜಿಲ್ಲೆಯ ಲಂಬಾಡಿಪಲ್ಲಿ ಎಂಬ ಸಣ್ಣ ಊರಿನಲ್ಲಿ ಶ್ರೀಕಾಂತ್ ಶ್ರೀರಾಮ್ 2012ರಲ್ಲಿ ಇದನ್ನು ಶುರು ಮಾಡಿದರು. ಇದು ಒಂದೇ ಕಥೆಯ ಧಾರಾವಾಹಿಯಲ್ಲ. ಅದೇ ಊರು, ಅದೇ ಮುಖಗಳು, ಸಲಕ್ಕೊಂದು ಪ್ರಸಂಗ. ವೃತ್ತಿಪರ ನಟರಿಲ್ಲ, ಊರವರೇ ಪಾತ್ರಧಾರಿಗಳು. ಅವರಲ್ಲಿ ಗಂಗವ್ವ ಹೊಲದ ಕೂಲಿ ಮಾಡಿ, ಬೀಡಿ ಕಟ್ಟಿ ಬದುಕಿದ ಹೆಣ್ಣುಮಗಳು. ಸಂದರ್ಭ ವಿವರಿಸಿದರೆ ಸಾಕು, ಮಾತು ತಾನಾಗಿ ಹೊರಡುತ್ತದೆ. ಆಕೆಯ ಬೈಗುಳದಲ್ಲೂ ಅಂತಃಕರಣವಿದೆ. 2020ರಲ್ಲಿ ತೆಲುಗು ಬಿಗ್ ಬಾಸ್ ಮನೆಗೂ ಹೋಗಿಬಂದರು.

ನಗರದವರು ಹಳ್ಳಿಯನ್ನು ತೋರಿಸುವಾಗ ಹಳ್ಳಿಗರು ನಗೆಪಾಟಲಾಗುವುದೇ ಹೆಚ್ಚು. ಇಲ್ಲಿ ಹಳ್ಳಿಯವರೇ ತಮ್ಮ ಬಗ್ಗೆ ನಗುತ್ತಾರೆ, ನಗರದ ಬಗ್ಗೆಯೂ ನಗುತ್ತಾರೆ. ಯಾರ ಮರ್ಯಾದೆಯೂ ಹೋಗುವುದಿಲ್ಲ. ತೆಲಂಗಾಣದ ಗಡಿಗೆ ಹೊಂದಿಕೊಂಡ ಬೀದರ್, ಕಲಬುರಗಿ, ಯಾದಗಿರಿ ಕಡೆಯವರಿಗೆ ಈ ನುಡಿಯ ಲಯ ಪರಕೀಯವೆನಿಸದು.

ಕನ್ನಡದಲ್ಲಿ? ಸುನಿಲ್ ರಾವ್ ನಟಿಸಿದ 'ಲೂಸ್ ಕನೆಕ್ಷನ್' 2017ರಲ್ಲೇ ದಾರಿ ತೋರಿಸಿತ್ತು. 2020ರ ಲಾಕ್‌ಡೌನಿನಲ್ಲಿ ಹಾಸ್ಯನಟ ದಾನಿಶ್ ಸೇಠ್ ಮನೆಯೊಳಗೆ ಕೂತು ಮೊಬೈಲಿನಲ್ಲಿ ಮಾಡಿದ ವಿಡಿಯೊಗಳು ಈ ಕಲೆಯ ಸಾರವನ್ನೇ ಹಿಡಿದಿದ್ದವು. ಜೊತೆಗೆ ಬೇರೆ ನಟರಿಲ್ಲ, ಎಲ್ಲ ಪಾತ್ರವೂ ತಾನೇ. ಕನ್ನಡ, ಇಂಗ್ಲಿಷ್, ದಖನಿ ಬೆರೆತ ಬೆಂಗಳೂರಿನ ಮಾತು ಇದ್ದ ಹಾಗೆಯೇ ಬಂದಿತ್ತು. ಉತ್ತರ ಕರ್ನಾಟಕದ ಹಲವು ತಂಡಗಳು ಇಂದು ಯೂಟ್ಯೂಬಿನಲ್ಲಿ ಬಿಡಿ ಪ್ರಸಂಗಗಳಿಂದ ಲಕ್ಷಾಂತರ ಜನರನ್ನು ನಗಿಸುತ್ತಿವೆ. ಅವುಗಳ ಮಾತಿನ ಚುರುಕು ಯಾರಿಗೂ ಕಡಿಮೆಯಿಲ್ಲ. ಆದರೆ ಬಿಡಿ ಪ್ರಸಂಗದಿಂದ ಸರಣಿಗೆ ದಾಟಿದವರು ಕಡಿಮೆ. ಪಾತ್ರವನ್ನು ಹತ್ತು ಕಂತು ಬೆಳೆಸುವ ತಾಳ್ಮೆ ಬೇಕು. ಆ ತಾಳ್ಮೆಗೆ ಬೆಂಬಲ ಕೊಡುವ ನೋಡುಗರೂ ಬೇಕು.

ಬೆಂಬಲವೆಂದರೆ ದೊಡ್ಡದೇನಲ್ಲ. ಬೇರೆಯವರು ಕತ್ತರಿಸಿ ಹಾಕಿದ ತುಣುಕು ನೋಡದೆ, ಮಾಡಿದವರದೇ ಚಾನೆಲ್ಲಿಗೆ ಹೋಗಿ ಮೊದಲ ಕಂತಿನಿಂದ ನೋಡಿ. ಮೊದಲೆರಡು ಕಂತುಗಳಲ್ಲಿ ದನಿ ಸರಿಯಿಲ್ಲ, ಬೆಳಕು ಸಾಲದು ಎಂದು ಬಿಟ್ಟುಬಿಡಬೇಡಿ, ಮೂರನೆಯದನ್ನು ನೋಡಿ ತೀರ್ಮಾನಿಸಿ. ಮೆಚ್ಚಿದ್ದನ್ನು ಇಬ್ಬರಿಗೆ ಹೇಳಿ. ದೇಣಿಗೆ ಕೇಳಿದರೆ ಒಂದು ಸಿನಿಮಾ ಟಿಕೆಟ್ಟಿನಷ್ಟು ಕೊಡಿ. 'ದಿ ಗಿಲ್ಡ್' ಮೊದಲ ಸೀಸನ್ ಮುಗಿದದ್ದೂ 'ಆಕ್ವರ್ಡ್ ಬ್ಲ್ಯಾಕ್ ಗರ್ಲ್' ನಡುವೆ ನಿಲ್ಲದೆ ಉಳಿದದ್ದೂ ನೋಡುಗರು ಕೊಟ್ಟ ಸಣ್ಣ ಹಣದಿಂದ. ಕನ್ನಡದ ನೋಡುಗರೂ ಅಷ್ಟು ಮಾಡಿದರೆ ಇಲ್ಲೂ ಅಂಥ ಸರಣಿಗಳು ಖಂಡಿತ ಬರುತ್ತವೆ.