ಟಾಲೆಮಿಯ ಪುನ್ನಾಟ: ಒಂದು ಆಧಾರದ ವಿಮರ್ಶೆ

ಹುಣಸೂರು, ಹೆಗ್ಗಡದೇವನಕೋಟೆಗಳ ಸೀಮೆಯ ಪ್ರಾಚೀನತೆಯನ್ನು ಕುರಿತು ಬರೆಯುವವರು ತಪ್ಪದೆ ಉದಾಹರಿಸುವ ಒಂದು ಗ್ರೀಕ್ ಆಧಾರವುಂಟು. ಕ್ರಿ.ಶ. ೨ನೆಯ ಶತಮಾನದ ಟಾಲೆಮಿಯು ತನ್ನ ಭೂಗೋಳ ಗ್ರಂಥದ ಏಳನೆಯ ಭಾಗದಲ್ಲಿ ಬೆರಿಲ್ ಎಂಬ ಹರಳಿನೊಡನೆ ಹೆಸರಿಸಿರುವ ಊರು ಕಪಿನೀ ತೀರದ ಪುನ್ನಾಟವೇ ಎಂಬುದು ಬಹುಕಾಲದಿಂದ ಪ್ರಚಲಿತವಾಗಿರುವ ಅಭಿಪ್ರಾಯ. ಇದರಿಂದ ಪುನ್ನಾಟ ರಾಜ್ಯವು ೨ನೆಯ ಶತಮಾನದಲ್ಲಿಯೇ ಇದ್ದಿತೆಂದು ಹಲವರು ನಿರ್ಣಯಿಸಿರುವರು. ಈ ನಿರ್ಣಯವು ಮೂಲವಾಕ್ಯಕ್ಕೆ ಎಷ್ಟರಮಟ್ಟಿಗೆ ಸಮ್ಮತವೆಂಬುದನ್ನು ನಾವಿಲ್ಲಿ ಪರಿಶೀಲಿಸುವೆವು.

ಮೊದಲು ಹೆಸರನ್ನು ನೋಡೋಣ. ಇಂಗ್ಲಿಷ್ ಅಕ್ಷರಗಳಲ್ಲಿ ಇದನ್ನು ಕಂಡವರು 'ಪೌನ್ನಾಟ' ಎಂದು ಓದಿ, ಶಬ್ದ ಸ್ವಲ್ಪ ಮಾರ್ಪಟ್ಟಿದೆಯೆಂದು ಭಾವಿಸುವುದುಂಟು. ಆದರೆ ಗ್ರೀಕಿನಲ್ಲಿ ಆ ಎರಡು ಸ್ವರಾಕ್ಷರಗಳು ಕೂಡಿ ನಮ್ಮ ಉಕಾರವನ್ನೇ ಸೂಚಿಸುತ್ತವೆ. ಆದುದರಿಂದ ಹೆಸರಿನ ಸಾಮ್ಯ ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ಬಲವಾದುದೇ ಆಗಿದೆ.

ಆದರೆ ಭಾಷಾಜ್ಞಾನವು ಒಂದು ಕೈಯಲ್ಲಿ ಕೊಟ್ಟುದನ್ನು ಮತ್ತೊಂದು ಕೈಯಲ್ಲಿ ಹಿಂತೆಗೆದುಕೊಳ್ಳುವುದು. ಗ್ರೀಕ್ ಮೂಲದಲ್ಲಿರುವುದು 'ಪುನ್ನಾಟ, ಅದರಲ್ಲಿ ಬೆರಿಲ್' ಎಂಬಷ್ಟೇ, ಅಲ್ಲಿ ಕ್ರಿಯಾಪದವಿಲ್ಲ. ಹರಳನ್ನು ಅಲ್ಲಿ ಅಗೆಯುತ್ತಿದ್ದರೋ, ಬೇರೆಡೆಯಿಂದ ತಂದು ಮಾರುತ್ತಿದ್ದರೋ ಎಂಬುದು ಈ ಮಾತಿನಿಂದ ತಿಳಿಯದು. ಬೆರಿಲ್ಲಿನ ಪ್ರಾಚೀನ ಗಣಿಯೆಂದು ಪ್ರಸಿದ್ಧವಾಗಿರುವುದು ಕೊಂಗುನಾಡಿನ ಪಡಿಯೂರು. ಟಾಲೆಮಿಯ ಪಟ್ಟಿಯಲ್ಲಿಯೂ ಪುನ್ನಾಟದ ಸಮೀಪದಲ್ಲಿಯೇ ಚೇರರ ರಾಜಧಾನಿ ಕರೂರ ಬರುತ್ತದೆ. ಹೀಗಿರಲು, ಪುನ್ನಾಟವು ಗಣಿಯ ಊರಲ್ಲದೆ ಹರಳಿನ ವ್ಯಾಪಾರದ ಊರಾಗಿದ್ದಿರುವ ಸಂಭವವನ್ನು ತಳ್ಳಿಹಾಕುವಂತಿಲ್ಲ.

ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದು ಅಂಶ. ಟಾಲೆಮಿಯು ಅರಸರ ಬೀಡುಗಳನ್ನು ಹಾಗೆಂದು ಸ್ಪಷ್ಟವಾಗಿ ಹೇಳುವ ರೂಢಿಯುಳ್ಳವನು. ಕರೂರ, ಪೈಠಣಗಳ ವಿಷಯದಲ್ಲಿ ಆತ ರಾಜನ ಹೆಸರಿನೊಡನೆ ಅರಸುನೆಲೆಯೆಂದೇ ಬರೆದಿದ್ದಾನೆ. ಪುನ್ನಾಟಕ್ಕೆ ಈ ವಿಶೇಷಣವಿಲ್ಲ. ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ಪುನ್ನಾಟದ ಅರಸರನ್ನು ನಾವು ತಿಳಿದಿರುವುದು ಶತಮಾನಗಳ ತರುವಾಯದ ತಾಮ್ರಶಾಸನಗಳಿಂದ. ಊರಿನ ಹೆಸರು ೨ನೆಯ ಶತಮಾನದ್ದೆಂದು ಒಪ್ಪಬಹುದು; ರಾಜ್ಯವನ್ನೂ ಅಷ್ಟು ಹಿಂದಕ್ಕೆ ಕೊಂಡೊಯ್ಯಲು ಟಾಲೆಮಿಯ ಸಾಕ್ಷ್ಯವು ಸಾಲದು.

ಹರಳಿನ ವಿಷಯದಲ್ಲಿಯೂ ಎಚ್ಚರ ಬೇಕು. 'ಬೆರಿಲ್' ಶಬ್ದವು ಸಂಸ್ಕೃತದ 'ವೈಡೂರ್ಯ', ಪ್ರಾಕೃತದ 'ವೇರುಲಿಯ'ಗಳ ಬಳಗದ್ದೆಂಬುದು ನಿಜ. ಆದರೆ ನಮ್ಮಲ್ಲಿ ಈಗ ವೈಡೂರ್ಯವೆಂದರೆ ಬೆಕ್ಕಿನ ಕಣ್ಣಿನಂತಹ ಹರಳು. ಲ್ಯಾಟಿನ್ ಗ್ರಂಥಕಾರ ಪ್ಲಿನಿಯು ತನ್ನ ೩೭ನೆಯ ಭಾಗದಲ್ಲಿ ವರ್ಣಿಸುವ ಬೆರಿಲ್ಲಾದರೋ ಸಮುದ್ರದ ಹಸುರು ಬಣ್ಣದ್ದು. ಆರು ಮುಖಗಳಾಗಿ ಕಡೆಯುವಂಥದು. ಭಾರತೀಯರು ಸ್ಫಟಿಕಕ್ಕೆ ಬಣ್ಣ ಕೊಟ್ಟು ಇದನ್ನು ಕೃತಕವಾಗಿ ಮಾಡುತ್ತಿದ್ದರೆಂದೂ ಆತ ದೂರಿರುವನು. ಶಬ್ದ ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಆಗಬೇಕೆಂಬ ನಿಯಮವಿಲ್ಲ.

ಇಂತಹ ವಿಚಾರಗಳಲ್ಲಿ ನಾವು ಸಾಮಾನ್ಯವಾಗಿ ಆಶ್ರಯಿಸುವುದು ಮ್ಯಾಕ್‌ಕ್ರಿಂಡಲ್ ೧೮೮೫ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು. ಅದರ ಉಪಕಾರವನ್ನು ಮರೆಯಲಾಗದು. ಆದರೆ ಅದಾದ ಮೇಲೆ ೧೯೨೫ರಲ್ಲಿ ರೆನೂ ಅವರ ಪರಿಷ್ಕರಣವೂ, ೨೦೦೬ರಲ್ಲಿ ಸ್ಟೂಕೆಲ್‌ಬರ್ಗರ್ ಮತ್ತು ಗ್ರಾಸ್‌ಹೋಫ್ ಅವರ ಪರಿಷ್ಕರಣವೂ ಹೊರಬಂದಿವೆ. ಮೊದಲನೆಯದು ಫ್ರೆಂಚಿನಲ್ಲಿದೆ, ಎರಡನೆಯದು ಜರ್ಮನ್ನಿನಲ್ಲಿದೆ. ಪ್ರತಿಗಳ ಪಾಠಭೇದವನ್ನು ತೂಗಿನೋಡದೆ ಹೆಸರುಗಳ ಮೇಲೆ ಚರಿತ್ರೆಯನ್ನು ಕಟ್ಟುವುದು ಕ್ಷೇಮಕರವಲ್ಲ. ಆಕ್ಸಿರಿಂಕಸ್ಸಿನ ೪೧೩ನೆಯ ಪಪೈರಸ್ಸಿನ ಪ್ರಹಸನದಲ್ಲಿ ಕನ್ನಡವಿದೆಯೆಂದು ೧೯೦೪ರಲ್ಲಿ ಹುಲ್ಷ್ ಅವರು ಸೂಚಿಸಿದರು. ೧೯೨೬ರಲ್ಲಿ ಬಾರ್ನೆಟ್ ಅವರು ಅದನ್ನು ಆಕ್ಷೇಪಿಸಿದರು. ಇಂತಹ ವಾದದಲ್ಲಿ ಮೂಲವನ್ನು ಓದಬಲ್ಲವರ ಮಾತಿಗೆ ಮಾತ್ರ ಬೆಲೆಯುಂಟು.

ಗ್ರೀಕ್, ಲ್ಯಾಟಿನ್‌ಗಳಲ್ಲಿ ಡಾಕ್ಟರೇಟ್ ಪದವಿಗಾಗಿ ಅಭ್ಯಾಸ ಮಾಡುವವರು ಯೂರೋಪಿನಲ್ಲಿ ಎರಡು ಭಾಷೆಗಳನ್ನೂ, ಅವುಗಳೊಡನೆ ಲಿಪಿಶಾಸ್ತ್ರ, ಗ್ರಂಥಸಂಪಾದನೆಗಳನ್ನೂ ಕಲಿಯುವರು. ನಮ್ಮ ಸಂಶೋಧಕ ವಿದ್ಯಾರ್ಥಿಗಳೆಲ್ಲರಿಂದಲೂ ಅಷ್ಟನ್ನು ನಿರೀಕ್ಷಿಸಲಾರೆವು. ಆದರೆ ಪ್ರಾಚೀನ ಕರ್ಣಾಟಕದ ವಿದೇಶಸಂಪರ್ಕವನ್ನು ವಿಷಯವಾಗಿ ಆರಿಸಿಕೊಂಡವರಾದರೂ ಹಳಗನ್ನಡ ಶಾಸನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಎರಡು ವರ್ಷ ಗ್ರೀಕನ್ನು ಕಲಿಯಬೇಕೆಂಬುದು ನಮ್ಮ ಅಭಿಮತ. ಪುನ್ನಾಟದ ರಾಜಧಾನಿ ಕೀರ್ತಿಪುರವೆಂದು ಗುರುತಿಸಲಾದ ಕಿತ್ತೂರಿನ ನೆಲವು ಕಬಿನಿ ಜಲಾಶಯದ ಪಾಲಾಗಿದೆ. ಅಗೆದು ನೋಡಲು ಅವಕಾಶ ಕುಗ್ಗಿರುವೆಡೆಯಲ್ಲಿ ಉಳಿದಿರುವ ನಾಲ್ಕು ಮಾತುಗಳನ್ನಾದರೂ ಸರಿಯಾಗಿ ಓದಿಕೊಳ್ಳುವುದು ನಮ್ಮ ಕರ್ತವ್ಯವಾಗಿದೆ.