ಗುಂಡಿಯ ಮೇಲಿನ ಕಾಲರ್

ಸ್ಟೇಷನ್ನಿನಲ್ಲಿ ಕೂತು ಗಾಡಿಗೆ ಮಾರ್ಗ ಕೊಡುವ ರೈಲ್ವೆ ಪ್ಯಾನೆಲ್ ಬಗ್ಗೆ ಬರೆಯುವವರೆಲ್ಲ ಅದರ ದೀಪಗಳಿಗೆ ಮಾರುಹೋಗುತ್ತಾರೆ. ಸಿಗ್ನಲ್ ಗುಂಡಿ, ಮಾರ್ಗದ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದರೆ ಹಳಿಯ ನಕ್ಷೆಯಲ್ಲಿ ಬಿಳಿ ಗೆರೆ ಮೂಡುತ್ತದೆ, ಗಾಡಿ ಬಂದಾಗ ಅದೇ ಕೆಂಪಾಗುತ್ತದೆ. ಒಂದಕ್ಕೊಂದು ಅಡ್ಡ ಬರುವ ಎರಡು ಮಾರ್ಗಗಳನ್ನು ಪ್ಯಾನೆಲ್ ಒಟ್ಟಿಗೆ ಕೊಡುವುದಿಲ್ಲ. ದೊಡ್ಡ ಸಾಧನೆಯೇ. ಆದರೆ ಹೊಗಳಿಕೆಯೆಲ್ಲ ದೀಪಕ್ಕೇ ಸಂದು, ಪ್ಯಾನೆಲ್ ಮುಂದೆ ಕೂತ ಕೈಯ ಅಭ್ಯಾಸಕ್ಕೆ ಏನೂ ಉಳಿಯಲಿಲ್ಲ.

ಸುಬ್ರಹ್ಮಣ್ಯಪುರದ ನಮ್ಮ ಬೀದಿಯಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರೊಬ್ಬರಿದ್ದಾರೆ. ಪ್ಯಾನೆಲ್ ಗುಂಡಿಯ ಕಾಲರ್ ಅಂದರೇನು ಎಂದು ಕೇಳಿದಾಗ ಟಿವಿ ರಿಮೋಟಿನ ಗುಂಡಿಯೊಂದರ ಮೇಲೆ ಪೆನ್ನಿನ ಮುಚ್ಚಳ ಬೋರಲು ಹಾಕಿ ತೋರಿಸಿದರು: "ಕೈ ಇಲ್ಲಿ ಬಂದು ತಡವರಿಸಬೇಕು, ಅಷ್ಟೇ." ಲೈನಿನ ಮೇಲೆ ಗಾಡಿ ನಿಂತಿದ್ದರೆ, ಹಳಿ ಕೆಲಸ ನಡೆಯುತ್ತಿದ್ದರೆ, ಆ ಮಾರ್ಗದ ಗುಂಡಿಗೆ ತೊಡಿಸುವ ಪುಟ್ಟ ಟೋಪಿ ಅದು. ಅದರೊಳಗೆ ತಂತಿಯಿಲ್ಲ, ರಿಲೇಯಿಲ್ಲ. ಕಬ್ಬಿಣದ ಲೀವರ್‌ಗಳ ಕಾಲದಲ್ಲಿ ಲೀವರ್‌ಗೆ ಹಾಕುತ್ತಿದ್ದುದೇ ಗುಂಡಿಗೆ ಬಂದಿದೆ. ರಾತ್ರಿ ಪಾಳಿಯವರು ಹೇಳಲು ಮರೆತರೂ ಬೆಳಗಿನವರ ಬೆರಳಿಗೆ ಅದು ತಾಗುತ್ತದೆ. ದೀಪವನ್ನು ನೋಡಿಯೂ ನೋಡದಂತಿರಬಹುದು. ಕಾಲರನ್ನು ತೆಗೆಯದೆ ಗುಂಡಿ ಒತ್ತಲಾಗದು, ತೆಗೆಯುವ ಕೈ ಏಕೆ ಎಂದು ಒಮ್ಮೆ ಯೋಚಿಸಲೇಬೇಕು. ತುರ್ತು ಗುಂಡಿಗಳ ಕೌಂಟರ್ ಕೂಡ ಹೀಗೆಯೇ: ಒತ್ತಿದಷ್ಟು ಸಲ ಅಂಕಿ ಏರುತ್ತದೆ, ಪ್ರತಿ ಏರಿಕೆಗೂ ಪುಸ್ತಕದಲ್ಲಿ ಕಾರಣ ಬರೆಯಬೇಕು.

ಕಾಲರ್ ಇದ್ದಿದ್ದರೆ ಒಡಿಶಾದ ಬಹನಾಗಾ ಬಜಾರ್ ಸ್ಟೇಷನ್ನಿನ ಅಪಘಾತ ತಪ್ಪುತ್ತಿತ್ತೇ ಎಂದು ಯಂತ್ರವಾದಿಗಳು ಕೇಳುತ್ತಾರೆ. ಇಲ್ಲ, ತಪ್ಪುತ್ತಿರಲಿಲ್ಲ. 2023ರ ಜೂನ್ 2ರಂದು ಅಲ್ಲಿ ಸಿಗ್ನಲ್ ಮೇನ್ ಲೈನಿಗೆ ಹಸಿರು ಕೊಟ್ಟಿತ್ತು, ಹಳಿ ಕವಲೊಡೆಯುವ ಪಾಯಿಂಟ್ ಪಕ್ಕದ ಲೂಪ್ ಲೈನಿಗೆ ತಿರುಗಿತ್ತು. ಕೋರಮಂಡಲ್ ಎಕ್ಸ್‌ಪ್ರೆಸ್ ನಿಂತ ಗೂಡ್ಸ್ ಗಾಡಿಗೆ ಬಡಿಯಿತು. 290ಕ್ಕೂ ಹೆಚ್ಚು ಜನ ಸತ್ತರು. ಲೆವೆಲ್ ಕ್ರಾಸಿಂಗ್ ಗೇಟಿನ ಬಳಿಯ ಸಿಗ್ನಲ್ ಪೆಟ್ಟಿಗೆಯಲ್ಲಿ ತಂತಿಗಳಿಗೆ ಹಚ್ಚಿದ್ದ ಗುರುತೇ ವರ್ಷಗಳಿಂದ ತಪ್ಪಾಗಿತ್ತು. ಆದರೆ ಇದರಿಂದ ಹೊರಡುವ ತೀರ್ಮಾನ "ಇನ್ನೂ ಹೆಚ್ಚು ಯಂತ್ರ" ಎಂಬುದಲ್ಲ. ಪ್ಯಾನೆಲ್ ತೋರಿಸಿದ್ದೂ ಹಳಿ ತಿರುಗಿದ್ದೂ ಒಂದೇ ಹೌದೋ ಎಂದು, ಅಂದು ಗೇಟಿನಲ್ಲಿ ನಡೆದಿದ್ದ ರಿಪೇರಿ ಮುಗಿದ ಮೇಲೆ ಗಾಡಿ ಬಿಡುವ ಮುಂಚೆ, ಯಾರಾದರೂ ಹೋಗಿ ತಾಳೆ ನೋಡಬೇಕಿತ್ತು. ಅದು ಕಾಲರಿನ ಒಡಹುಟ್ಟಿದ ಅಭ್ಯಾಸ.

ಮನುಷ್ಯನೇ ದುರ್ಬಲ ಕೊಂಡಿ ಎನ್ನುವವರು ನಮ್ಮ ಹೊಸದುರ್ಗ ರೋಡ್ ಸ್ಟೇಷನ್ನನ್ನು ಮರೆತೇಬಿಡುತ್ತಾರೆ. ಬಹನಾಗಾಕ್ಕಿಂತ ನಾಲ್ಕು ತಿಂಗಳು ಮೊದಲು, ಫೆಬ್ರವರಿ 8ರಂದು, ಮೈಸೂರು ವಿಭಾಗದ ಆ ಸ್ಟೇಷನ್ನಿನಿಂದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತ್ತು. ಹೋಗಬೇಕಾದ ಲೈನೇ ಬೇರೆ, ಪಾಯಿಂಟ್ ತಿರುಗಿದ್ದ ಲೈನೇ ಬೇರೆ. ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಎಚ್ಚರಿಕೆಯ ಪತ್ರ ಬರೆದರು. ಆದರೆ ಆ ಸಂಜೆ ಗಾಡಿಯನ್ನು ಉಳಿಸಿದ್ದು ಪತ್ರವೂ ಅಲ್ಲ, ಪ್ಯಾನೆಲ್ಲೂ ಅಲ್ಲ. ಲೋಕೋ ಪೈಲಟ್ ಮುಂದಿನ ಹಳಿ ಎತ್ತ ತಿರುಗಿದೆ ಎಂದು ನೋಡಿದರು, ಬ್ರೇಕ್ ಹಾಕಿದರು.