ಹೊಳೆ ದಾಟುವ ತನಕದ ಕಾನೂನು

2025ರ ಜುಲೈ 22ರಂದು ಉಕ್ರೇನಿನ ಸಂಸತ್ತು ಒಂದು ಮಸೂದೆಯನ್ನು ತರಾತುರಿಯಲ್ಲಿ ಪಾಸು ಮಾಡಿತು. ಅಧ್ಯಕ್ಷ ಝೆಲೆನ್ಸ್ಕಿ ಅಂದೇ ಸಹಿ ಹಾಕಿದರು. ಭ್ರಷ್ಟಾಚಾರದ ತನಿಖೆ ಮಾಡುವ ‘ನಾಬು’, ಆ ಮೊಕದ್ದಮೆಗಳನ್ನು ನಡೆಸುವ ‘ಸಾಪೊ’, ಎರಡರ ಲಗಾಮೂ ಸಂಸತ್ತಿನ ಒಪ್ಪಿಗೆಯಿಂದ ಅಧ್ಯಕ್ಷರು ನೇಮಿಸುವ ಮುಖ್ಯ ಪ್ರಾಸಿಕ್ಯೂಟರ್ ಕೈಸೇರಿತು. ಯುದ್ಧದ ನಡುವೆಯೇ ಕೀವ್‌ನ ಹುಡುಗ ಹುಡುಗಿಯರು ರಟ್ಟಿನ ಫಲಕ ಹಿಡಿದು ಬೀದಿಗಿಳಿದರು. ಉಕ್ರೇನ್ ಸೇರಬಯಸುವ ಐರೋಪ್ಯ ಒಕ್ಕೂಟದ ಬ್ರಸೆಲ್ಸ್ ಕೂಡ ಗದರಿತು. ಜುಲೈ 31ರಂದು ಅದೇ ಸಂಸತ್ತು, ಅದೇ ಅಧ್ಯಕ್ಷರು ಆ ಎರಡೂ ಸಂಸ್ಥೆಗಳ ಸ್ವಾತಂತ್ರ್ಯವನ್ನು ಮರಳಿಸಿದರು. ನವೆಂಬರಿನಲ್ಲಿ ನಾಬು ಅಣುವಿದ್ಯುತ್ ಸಂಸ್ಥೆಯ ಲಂಚದ ಪ್ರಕರಣದಲ್ಲಿ ಅಧ್ಯಕ್ಷರ ಬಲಗೈ ಯೆರ್ಮಾಕ್ ಅವರ ಮನೆಯನ್ನೇ ಶೋಧಿಸಿತು. ಅವರು ಅಂದೇ ರಾಜೀನಾಮೆ ಕೊಟ್ಟರು.

ಐರೋಪ್ಯ ಒಕ್ಕೂಟದ ಸದಸ್ಯತ್ವದ ಆಸೆಗೆ ಎಷ್ಟು ಬಲವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಬೀದಿಯ ಹುಡುಗರಿಲ್ಲದಿದ್ದರೆ ಬ್ರಸೆಲ್ಸಿನ ಗದರಿಕೆಯೊಂದೇ ಒಂಬತ್ತು ದಿನಗಳಲ್ಲಿ ಇಷ್ಟು ಮಾಡುತ್ತಿತ್ತೆಂದು ನನಗನಿಸುವುದಿಲ್ಲ.

ಒಕ್ಕೂಟ ಸೇರಲು ಕಾನೂನಿನ ಆಳ್ವಿಕೆ ಇರಬೇಕೆಂಬ ಷರತ್ತು 1993ರ ಕೋಪನ್‌ಹೇಗನ್ ಮಾನದಂಡಗಳಷ್ಟು ಹಳೆಯದು. ಅದನ್ನು ಸಡಿಲ ಬಿಟ್ಟರೆ ಏನಾಗುತ್ತದೆಂದು ಬಲ್ಗೇರಿಯಾ, ರೊಮೇನಿಯಾ ಕಲಿಸಿದವು. 2007ರಲ್ಲಿ ಅವನ್ನು ಒಳಗೆ ಸೇರಿಸಿಕೊಂಡು, ನ್ಯಾಯಾಂಗದ ಸುಧಾರಣೆಯ ಮೇಲೆ 2023ರವರೆಗೂ ಕಣ್ಣಿಡಬೇಕಾಯಿತು. ಆಮೇಲೆ ಸದಸ್ಯತ್ವದ ಮಾತುಕತೆ ಶುರುಮಾಡಿದವರಿಗೆ ಆ ಮಾತುಕತೆಯ ನ್ಯಾಯಾಂಗದ 23ನೇ, ಆಂತರಿಕ ಭದ್ರತೆಯ 24ನೇ ಅಧ್ಯಾಯಗಳನ್ನು ಮೊದಲೇ ತೆರೆದು ಕೊನೆಗೆ ಮುಚ್ಚುವ ಪದ್ಧತಿ ಬಂತು. ಒಳ್ಳೆಯ ತಿದ್ದುಪಡಿ, ತಡವಾದರೂ.

ಸಮಸ್ಯೆ ಇರುವುದು ಬಾಗಿಲ ಒಳಗೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? 2004ರಲ್ಲಿ ಸದಸ್ಯನಾದ ಹಂಗರಿಯ ಮೇಲೆ ಐರೋಪ್ಯ ಸಂಸತ್ತು 2018ರಲ್ಲಿ ಒಕ್ಕೂಟದ ಒಪ್ಪಂದದ 7ನೇ ವಿಧಿಯ ಕ್ರಮ ಶುರುಮಾಡಿತು. ಆ ವಿಧಿಯಂತೆ ಸದಸ್ಯನ ಮತದಾನದ ಹಕ್ಕು ಕಸಿಯುವ ಮೊದಲು ತಪ್ಪು ನಡೆದಿದೆಯೆಂದು ಉಳಿದ ಸದಸ್ಯರೆಲ್ಲ ಒಮ್ಮತದಿಂದ ಒಪ್ಪಬೇಕು. ಪೋಲೆಂಡಿನ ಮೇಲೆ ಇದೇ ಕ್ರಮ ಬಂದಾಗ ಅಡ್ಡ ನಿಲ್ಲುವೆನೆಂದು ಹಂಗರಿ ಬಹಿರಂಗವಾಗಿಯೇ ಹೇಳಿತ್ತು. ಬಿಸಿ ಮುಟ್ಟಿದ್ದು ದುಡ್ಡಿಗೆ ಕೈಹಾಕಿದಾಗ: 2022ರ ಡಿಸೆಂಬರಿನಲ್ಲಿ ಒಕ್ಕೂಟ ಹಂಗರಿಯ 630 ಕೋಟಿ ಯೂರೋ ತಡೆಹಿಡಿಯಿತು, ಮರುವರ್ಷ ಹಂಗರಿ ನ್ಯಾಯಾಂಗದ ಕೆಲವು ಕಾಯ್ದೆಗಳನ್ನು ತಿದ್ದಿತು. ಇಂಥ ಸದಸ್ಯ ದೇಶವೇ 2025ರಲ್ಲಿ ಉಕ್ರೇನಿನ ಮಾತುಕತೆಗೆ ತಡೆ ಒಡ್ಡಿತೆಂಬುದು ಕಹಿ ತಮಾಷೆ.

ಅಭ್ಯರ್ಥಿಗೆ ಹಾಕುವ ಪರೀಕ್ಷೆಯನ್ನು ನಾನು ಒಪ್ಪುತ್ತೇನೆ. ಆದರೆ 7ನೇ ವಿಧಿ ಒಬ್ಬನೇ ಗೆಳೆಯನ ‘ಬೇಡ’ಕ್ಕೆ ಮಣಿಯುತ್ತಿರುವವರೆಗೆ ಈ ಇಡೀ ವ್ಯವಸ್ಥೆಗೆ ಅರ್ಧಕ್ಕಿಂತ ಹೆಚ್ಚು ಅಂಕ ಕೊಡಲಾರೆ.